ಸಮುದ್ರದ ಮಧ್ಯೆ ನಿಂತಿದ್ದ ರೇಡಿಯೋ ಹಡಗನ್ನ ಬ್ರಿಟನ್ ಸರ್ಕಾರ ಮುಚ್ಚಿಸಿದ್ದು ಹೆಂಗೆ? ಗೊತ್ತಿರೋರು ಹೇಳಿ

ಡಯಲ್_ತಿರುಗಿಸೋನು (ಜಯನಗರ):

ಎಲ್ರಿಗೂ ನಮಸ್ಕಾರ. ರೇಡಿಯೋ ಕ್ಯಾರೊಲೈನ್ ಬಗ್ಗೆ ಕೈಗೆ ಸಿಕ್ಕಿದ್ದೆಲ್ಲ ಓದ್ತಾ ಇದೀನಿ, ತಲೆಗೆ ಹುಳ ಬಿಟ್ಟಂಗಾಗಿದೆ. ಕೇಳಿಲ್ದೇ ಇರೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. 1964ರ ಮಾರ್ಚ್‌ನಲ್ಲಿ ರೋನನ್ ಓ'ರಾಹಿಲಿ ಅನ್ನೋ ಐರಿಷ್ ಹುಡುಗ ಡೆನ್ಮಾರ್ಕಿನ ಹಳೇ ಫೆರಿ ಹಡಗೊಂದನ್ನ ತಗೊಂಡು, ಐರ್ಲೆಂಡಲ್ಲಿ ಅವರಪ್ಪಂಗೆ ಸೇರಿದ್ದ ಗ್ರೀನೋರ್ ಬಂದರಲ್ಲಿ ಅದಕ್ಕೆ ಟ್ರಾನ್ಸ್‌ಮಿಟರ್ರು, ಮಾಸ್ಟು (ಏರಿಯಲ್ ಕಂಬ) ಎಲ್ಲ ಕೂರಿಸಿ, ಇಂಗ್ಲೆಂಡಿನ ಪೂರ್ವ ಕರಾವಳಿ ಆಚೆ ಲಂಗರು ಹಾಕಿ ಪಾಪ್ ಹಾಡು ಹಾಕೋಕೆ ಶುರು ಮಾಡ್ದ. ಅವನು ಮ್ಯಾನೇಜ್ ಮಾಡ್ತಿದ್ದ ಗಾಯಕನ ರೆಕಾರ್ಡನ್ನ ಯಾವ ಸ್ಟೇಷನ್ನಿನವ್ರೂ ಹಾಕ್ಲಿಲ್ಲ ಅನ್ನೋದೇ ಕಾರಣವಂತೆ! ಬೇರೆಯವ್ರಾಗಿದ್ರೆ ಬೈಕೊಂಡು ಸುಮ್ನಾಗೋರು, ಇವನು ಹಡಗೇ ತಂದ.

ಆಗ ಬ್ರಿಟನ್ನಿನ ಕಾನೂನು ಸಮುದ್ರದಲ್ಲಿ ಮೂರೇ ಮೈಲಿವರೆಗೆ, ಹಡಗು ಅದರ ಹೊರಗಡೆ. ಹಂಗಿದ್ಮೇಲೆ 1967ರಲ್ಲಿ ಇಂಥ ಹಡಗು ಸ್ಟೇಷನ್ನುಗಳೆಲ್ಲ ಒಂದರ ಹಿಂದೆ ಒಂದು ಬಾಗಿಲು ಹಾಕ್ಕೊಂಡಿದ್ದು ಹೆಂಗೆ? ನೇವಿಯವ್ರು ಹೋಗಿ ಹಿಡ್ಕೊಂಡ್ ಬಂದ್ರಾ? ಇನ್ನೊಂದು ಡೌಟು, ಅಷ್ಟು ಚಿಕ್ಕ ಹಡಗಿಂದ ಲಂಡನ್‌ವರೆಗೆ ಅಷ್ಟು ಕ್ಲಿಯರ್ ಆಗಿ ಕೇಳಿಸ್ತಿದ್ದಿದ್ದು ಹೆಂಗೆ? ನಮ್ಮನೆ ಅಡುಗೆಮನೇಲಿ ಎಫ್‌ಎಂ ಸರಿಯಾಗಿ ಹಿಡಿಯಲ್ಲ.

ಹಳೇ_ಟ್ರಾನ್ಸ್‌ಮಿಟರ್ (ಮಲ್ಲೇಶ್ವರಂ):

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನಪ್ಪ, ನನ್ನ ಸರ್ವೀಸೆಲ್ಲ ಟ್ರಾನ್ಸ್‌ಮಿಟರ್ ಹಾಲಲ್ಲೇ ಕಳೆದಿದ್ದು. ಎಫ್‌ಎಂ ಬೇರೆ, ಮೀಡಿಯಂ ವೇವ್ ಬೇರೆ. ಮೀಡಿಯಂ ವೇವ್ ಸಿಗ್ನಲ್ಲು ಹಗಲು ಹೊತ್ತಲ್ಲಿ ನೆಲ ಹಿಡ್ಕೊಂಡು ಹೋಗುತ್ತೆ. ನೆಲ ಒಣಗಿದ್ರೆ, ಕಲ್ಲಿದ್ರೆ ಬೇಗ ಸೊರಗಿಹೋಗುತ್ತೆ, ಉಪ್ಪುನೀರಿನ ಮೇಲಾದ್ರೆ ಬಹಳ ದೂರ ಹೋಗುತ್ತೆ. ನಾವು ನೆಲದ ಮೇಲೆ ಮಾಸ್ಟ್ ನಿಲ್ಲಿಸಿದ್ರೆ ಸುತ್ತ ತಾಮ್ರದ ತಂತಿನ ಚಕ್ರದ ಕಡ್ಡಿ ಥರ ಹೂತು ಅರ್ಥ್ ಮಾಡ್ಬೇಕು, ಅದಕ್ಕೇ ಎಕರೆಗಟ್ಟಲೆ ಜಾಗ ಬೇಕು. ಹಡಗಿಗೆ ಆ ಕೆಲಸ ಸಮುದ್ರಾನೇ ಮಾಡ್ಕೊಡುತ್ತೆ, ಕಬ್ಬಿಣದ ಹಡಗು, ಸುತ್ತ ಉಪ್ಪುನೀರು, ಅದಕ್ಕಿಂತ ಒಳ್ಳೇ ಅರ್ಥ್ ಎಲ್ಲಿ ಸಿಗುತ್ತೆ ಹೇಳಿ. ಕ್ಯಾರೊಲೈನ್ ಹಡಗಲ್ಲಿ 10 ಕಿಲೋವ್ಯಾಟ್‌ನ ಎರಡು ಟ್ರಾನ್ಸ್‌ಮಿಟರ್ ಇದ್ವು. 1964ರ ಡಿಸೆಂಬರ್‌ನಲ್ಲಿ ಬಂದ ಇನ್ನೊಂದು ಹಡಗು ಸ್ಟೇಷನ್ ರೇಡಿಯೋ ಲಂಡನ್ 50 ಕಿಲೋವ್ಯಾಟ್‌ದು, ಅಮೆರಿಕಾ ನೌಕಾಪಡೆಯ ಹಳೇ ಹಡಗಲ್ಲಿ ಕೂರಿಸಿದ್ರು.

ಆದ್ರೆ ಅಲ್ಲಿ ಕೆಲಸ ಮಾಡಿದ ಇಂಜಿನಿಯರ್‌ಗಳನ್ನ ನೆನೆಸ್ಕೊಂಡ್ರೆ ಕೈ ಮುಗೀಬೇಕು ಅನ್ಸುತ್ತೆ. ಏರಿಯಲ್ಲಿನ ಇನ್ಸುಲೇಟರ್ ಅಂದ್ರೆ ಪಿಂಗಾಣಿದು, ಅದರ ಮೇಲೆ ಉಪ್ಪು ಕೂತು ಸ್ವಲ್ಪ ತೇವ ಆಯ್ತು ಅಂದ್ರೆ ಸಾಕು, ಪಟಪಟ ಅಂತ ನೀಲಿ ಕಿಡಿ ಹಾರುತ್ತೆ, ಸುಡೋ ವಾಸನೆ ಬರುತ್ತೆ, ಸ್ಟೇಷನ್ ಟ್ರಿಪ್ ಆಗುತ್ತೆ. ನೆಲದ ಮೇಲೆ ನಮಗೆ ಮಳೆಗಾಲದಲ್ಲೇ ಅದನ್ನ ಸಂಭಾಳಿಸೋದು ಕಷ್ಟ ಆಗ್ತಿತ್ತು, ಅವ್ರು ಉತ್ತರ ಸಮುದ್ರದ ಚಳಿಗಾಲದಲ್ಲಿ ತೂಗಾಡೋ ಮಾಸ್ಟ್ ಹತ್ತಿ ಒರೆಸ್ಬೇಕಿತ್ತು. ಪೈರೇಟ್ ರೇಡಿಯೋ (ಲೈಸೆನ್ಸ್ ಇಲ್ಲದೆ ನಡೆಸೋ ರೇಡಿಯೋ) ಅಂದ್ರೆ ಎಲ್ರೂ ಡಿಜೆಗಳ ಹೆಸರು ಹೇಳ್ತಾರೆ, ಈ ಜನರ ಹೆಸರು ಯಾರೂ ಹೇಳಲ್ಲ.

ಕರಿಕೋಟು (ಸಿಟಿ ಸಿವಿಲ್ ಕೋರ್ಟ್ ಹತ್ರ):

ಮೊದಲನೇ ಪ್ರಶ್ನೆ ನಮ್ ಕಡೇದು. ನೇವಿ ಹೋಗ್ಲಿಲ್ಲ ಗುರು. ಹಡಗನ್ನ ಮುಟ್ಟೋಕಾಗಲ್ಲ ಅಂತ ಸರ್ಕಾರಕ್ಕೆ ಗೊತ್ತಿತ್ತು, ಅದಕ್ಕೆ ದಡದಲ್ಲಿರೋ ಜನರನ್ನ ಹಿಡೀತು. 1967ರ ಆಗಸ್ಟ್ 14ರ ಮಧ್ಯರಾತ್ರಿ ಜಾರಿಗೆ ಬಂದ ಮರೈನ್ ಬ್ರಾಡ್‌ಕಾಸ್ಟಿಂಗ್ ಅಫೆನ್ಸಸ್ ಕಾಯ್ದೆ ಪ್ರಕಾರ ಬ್ರಿಟಿಷ್ ಪ್ರಜೆ ಆ ಹಡಗಲ್ಲಿ ಕೆಲಸ ಮಾಡಿದ್ರೆ ಅಪರಾಧ, ಜಾಹೀರಾತು ಕೊಟ್ರೆ ಅಪರಾಧ, ಊಟ ನೀರು ಡೀಸೆಲ್ ಸಾಗಿಸಿದ್ರೂ ಅಪರಾಧ, ಎರಡು ವರ್ಷದವರೆಗೆ ಜೈಲು. ಹಡಗು ಎಲ್ಲಿ ಬೇಕಾದ್ರೂ ನಿಂತ್ಕೊಳ್ಳಲಿ, ಹಾಡೂ ಹಾಕ್ಲಿ, ಆದ್ರೆ ದುಡ್ಡು ಕೊಡೋನು ಲಂಡನ್ನಲ್ಲಿ ಕೂತಿರ್ತಾನಲ್ಲ, ಅವನ ಮನೆಗೆ ನೋಟಿಸ್ ಹೋಗುತ್ತೆ. ರೇಡಿಯೋ ಲಂಡನ್ ಅವತ್ತು ಮಧ್ಯಾಹ್ನ 3ಕ್ಕೇ ಬಂದ್ ಮಾಡ್ಕೊಂಡ್ತು. ಕ್ಯಾರೊಲೈನ್‌ನ ಡಿಜೆ ಜಾನಿ ವಾಕರ್ ಮತ್ತೆ ಅವರ ಜೊತೆಗಿದ್ದೋರು ಮಾತ್ರ ಮಧ್ಯರಾತ್ರಿ ದಾಟಿದ ಮೇಲೂ ಮೈಕ್ ಬಿಡ್ಲಿಲ್ಲ.

ಇದೆಲ್ಲ ಬರೀ ಹಾಡಿನ ಜಗಳ ಆಗಿರ್ಲಿಲ್ಲ ಅನ್ನೋದೂ ನೆನಪಿರ್ಲಿ. ಸಮುದ್ರದಲ್ಲಿ ಯುದ್ಧಕಾಲದ ಹಳೇ ಕೋಟೆಗಳಿದ್ವು, ಅಲ್ಲೂ ಸ್ಟೇಷನ್ ನಡೀತಿತ್ತು. ಅಂಥ ಒಂದು ಸ್ಟೇಷನ್ ವಿಚಾರಕ್ಕೆ 1966ರ ಜೂನ್‌ನಲ್ಲಿ ಅದರ ಮಾಲೀಕ ರೆಜ್ ಕಾಲ್ವರ್ಟ್ ಗುಂಡೇಟಿಗೆ ಸತ್ತ, ಅದೂ ಇನ್ನೊಬ್ಬ ರೇಡಿಯೋ ಉದ್ಯಮಿ ಮನೇಲಿ. ಆ ಘಟನೆ ಆದ್ಮೇಲೆ ಇವ್ರ ಮೇಲೆ ಕ್ರಮ ತಗೋಬೇಕು ಅನ್ನೋರ ಮಾತಿಗೆ ಬಲ ಬಂತು.

ಇನ್ನು ಈಗಿನ ಕಥೆ ಕೇಳೋದಾದ್ರೆ, 1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಒಪ್ಪಂದದ 109ನೇ ವಿಧಿಯಲ್ಲಿ ಅನುಮತಿ ಇಲ್ಲದ ಸಮುದ್ರ ಪ್ರಸಾರದ ಬಗ್ಗೆ ನೇರವಾಗೇ ಬರೆದಿದೆ. ಪ್ರಸಾರ ಯಾವ ದೇಶದಲ್ಲಿ ಕೇಳಿಸುತ್ತೋ ಆ ದೇಶಾನೂ ಹಡಗು ಹತ್ತಿ ಹಿಡೀಬಹುದು. ಭಾರತ 1995ರಲ್ಲಿ ಅದನ್ನ ಅನುಮೋದಿಸಿದೆ. ಯಾರಾದ್ರೂ ಮಂಗಳೂರಾಚೆ ಹಡಗು ನಿಲ್ಲಿಸೋ ಐಡಿಯಾದಲ್ಲಿದ್ರೆ ಬೇಡ.

ಬಸವನಗುಡಿ_ಅಜ್ಜಿ:

ನಿಮ್ಮೆಲ್ಲರ ಮಾತು ಓದಿ ಖುಷಿ ಆಯ್ತು ಮಕ್ಕಳೇ. ಒಂದು ಸಂಗತಿ ಸೇರಿಸ್ತೀನಿ, ಕಾನೂನು ಒಂದರಿಂದಲೇ ಅವು ಮುಳುಗ್ಲಿಲ್ಲ, ಬಿಬಿಸಿ ಬದಲಾಯ್ತು. ಅದುವರೆಗೂ ರೆಕಾರ್ಡ್ ಹಾಕೋಕೆ ಬಿಬಿಸಿಗೆ ದಿನಕ್ಕೆ ಇಷ್ಟೇ ಗಂಟೆ ಅಂತ ಮಿತಿ ಇತ್ತು, ಸಂಗೀತಗಾರರ ಸಂಘ, ರೆಕಾರ್ಡ್ ಕಂಪನಿಗಳ ಜೊತೆ ಒಪ್ಪಂದ ಹಂಗಿತ್ತು. ಹಡಗುಗಳು ನಿಂತ ಏಳು ವಾರದೊಳಗೇ, 1967ರ ಸೆಪ್ಟೆಂಬರ್ 30ಕ್ಕೆ ರೇಡಿಯೋ 1 ಅನ್ನೋ ಪಾಪ್ ಹಾಡಿನ ಸ್ಟೇಷನ್ ಶುರು ಮಾಡಿದ್ರು, ಬೆಳಗ್ಗೆ ಮೊದಲು ಮೈಕ್ ಹಿಡಿದ ಟೋನಿ ಬ್ಲ್ಯಾಕ್‌ಬರ್ನ್ ಹಡಗಿಂದಲೇ ಬಂದವರು. ಜನ ಕೇಳಿದ್ದು ದಡದಲ್ಲೇ ಸಿಕ್ತು.

ನಮ್ಮಲ್ಲಿ ನಡೆದಿದ್ದೂ ಇದೇ ಅಲ್ವಾ. 1952ರಲ್ಲಿ ಕೇಸ್ಕರ್ ಅವರು ವಾರ್ತಾ ಪ್ರಸಾರ ಮಂತ್ರಿ ಆದ್ಮೇಲೆ ಆಕಾಶವಾಣೀಲಿ ಸಿನಿಮಾ ಹಾಡು ನಿಂತೇ ಹೋಯ್ತು. ದೇಶಕ್ಕೆ ದೇಶಾನೇ ರೇಡಿಯೋ ಸಿಲೋನ್ (ಈಗಿನ ಶ್ರೀಲಂಕಾದ್ದು) ಕಡೆ ಮುಳ್ಳು ತಿರುಗಿಸ್ತು. ಸಿಲೋನ್ ಕದ್ದು ನಡೆಸಿದ ಸ್ಟೇಷನ್ ಅಲ್ಲ, ಸರ್ಕಾರದ್ದೇ, ಆದ್ರೂ ಕೇಳುಗರ ಮಟ್ಟಿಗೆ ಅದೂ ಸಮುದ್ರದಾಚೆಯಿಂದ ಬರೋ ಬಿಡುಗಡೆ. ನಮ್ಮನೇಲಿ ಇದ್ದದ್ದು ಮ್ಯಾಜಿಕ್ ಐ ಇರೋ ವಾಲ್ವ್ ಸೆಟ್ಟು. ಬಿಸಿ ಆಗೋವರೆಗೆ ಕಾಯಬೇಕು, ಆಮೇಲೆ ಗುಂಡಿ ಕೂದಲೆಳೆಯಷ್ಟು ತಿರುಗಿಸ್ತಾ ಹೋದ್ರೆ ಆ ಹಸಿರು ಕಣ್ಣು ನಿಧಾನಕ್ಕೆ ಕೂಡ್ಕೊಳ್ತಾ ಬರುತ್ತೆ, ಪೂರ್ತಿ ಕೂಡ್ಕೊಂಡ್ರೆ ಸ್ಟೇಷನ್ ಸಿಕ್ತು ಅಂತ. ಸಂಜೆ ಹೊತ್ತು ದನಿ ಅಲೆ ಅಲೆಯಾಗಿ ಹತ್ರ ಬಂದು ದೂರ ಹೋಗ್ತಿತ್ತು, ಹಾಡಿನ ಒಂದು ಸಾಲು ತಪ್ಪಿದ್ರೆ ಮುಂದಿನ ವಾರದವರೆಗೆ ಕಾಯಬೇಕು. ರೇಡಿಯೋ ಇಟ್ಕೊಳ್ಳೋದಕ್ಕೇ ಲೈಸೆನ್ಸ್ ಬೇಕಿದ್ದ ಕಾಲ, ಅಪ್ಪ ವರ್ಷಾವರ್ಷ ಪೋಸ್ಟ್ ಆಫೀಸಿಗೆ ಲೈಸೆನ್ಸ್ ಪುಸ್ತಕ ಹಿಡ್ಕೊಂಡು ಹೋಗಿ ದುಡ್ಡು ಕಟ್ಟಿ ಬರೋರು. ಲೈಸೆನ್ಸು ನಮ್ಮ ಸರ್ಕಾರದ್ದು, ಕೇಳೋದು ಕೊಲಂಬೋ.

ಕೊನೆಗೆ 1957ರ ಅಕ್ಟೋಬರ್ 3ಕ್ಕೆ ವಿವಿಧ ಭಾರತಿ ಶುರು ಮಾಡ್ಬೇಕಾಯ್ತು. ಬ್ರಿಟನ್ನಿಗಿಂತ ಹತ್ತು ವರ್ಷ ಮೊದಲೇ ನಾವು ಆ ಪಾಠ ಕಲ್ತಿದ್ವಿ.

ಡಯಲ್_ತಿರುಗಿಸೋನು:

ಅಜ್ಜಿ, ಸೂಪರ್. ಪುಸ್ತಕ ಇನ್ನೂ ಇದ್ರೆ ಫೋಟೋ ಹಾಕಿ ಪ್ಲೀಸ್. ಕರಿಕೋಟು ಸಾರ್, ಹಂಗಾದ್ರೆ ಕ್ಯಾರೊಲೈನ್‌ನೂ ಆ ಕಾಯ್ದೆನೇ ಮುಗಿಸ್ತಾ? ಮಧ್ಯರಾತ್ರಿ ದಾಟಿದ್ಮೇಲೆ ಏನಾಯ್ತು?

ಎಸ್‌ಪಿ_ರೋಡ್_ಸೀನ:

ನಾನ್ ಹೇಳ್ತೀನಿ. ಅದು ನಿಂತಿದ್ದು ಬಾಕಿ ದುಡ್ಡಿಂದ. ಕಾಯ್ದೆ ಬಂದ್ಮೇಲೆ ಬ್ರಿಟನ್ ಬಂದರಿಂದ ಬೋಟ್ ಹೋಗಂಗಿಲ್ಲ, ಊಟ ಎಣ್ಣೆ ಎಲ್ಲ ಹಾಲೆಂಡಿಂದ ಬರ್ಬೇಕು, ಖರ್ಚು ಏರ್ತು, ಜಾಹೀರಾತು ಇಳೀತು, ಸಪ್ಲೈ ಮಾಡ್ತಿದ್ದ ಡಚ್ ಕಂಪನಿಗೆ ದುಡ್ಡು ನಿಲ್ತು. 1968ರ ಮಾರ್ಚ್ 3ರ ಬೆಳಗ್ಗೆ ಅದೇ ಕಂಪನಿ ಟಗ್ ಬೋಟ್ ಬಂದು ಕ್ಯಾರೊಲೈನ್‌ನ ಎರಡೂ ಹಡಗನ್ನ, ಒಂದು ದಕ್ಷಿಣದ್ದು ಇನ್ನೊಂದು ಐಲ್ ಆಫ್ ಮ್ಯಾನ್ ಹತ್ರದ್ದು, ಎಳ್ಕೊಂಡು ಆಮ್‌ಸ್ಟರ್‌ಡ್ಯಾಮಿಗೆ ಹೋಯ್ತು. ಸರ್ಕಾರದ ಕೈಲಿ ಆಗದೇ ಇದ್ದಿದ್ದನ್ನ ಬಾಕಿ ಬರಬೇಕಿದ್ದೋನು ಒಂದು ಬೆಳಗ್ಗೆ ಮುಗಿಸ್ದ.

ಆದ್ರೆ ಅಲ್ಲಿಗೇ ಸಾಯ್ಲಿಲ್ಲ, ಅದಕ್ಕೇ ನನಗೆ ಇದ್ರ ಮೇಲೆ ಇಷ್ಟು ಪ್ರೀತಿ. ಅವೆರಡರಲ್ಲಿ ಮಿ ಅಮಿಗೋ ಅನ್ನೋ ಹಡಗು 1972ರಲ್ಲಿ ಮತ್ತೆ ಸಮುದ್ರಕ್ಕೆ ಬಂತು. 1980ರ ಮಾರ್ಚ್‌ನಲ್ಲಿ ಬಿರುಗಾಳಿಗೆ ಲಂಗರು ಕಿತ್ತು ಮರಳದಿಣ್ಣೆಗೆ ಬಡಿದು, ಪಂಪ್ ಎಷ್ಟು ಹೊಡೆದ್ರೂ ಒಳಗೆ ನೀರು ಏರ್ತಾನೇ ಹೋಯ್ತು. ಶೀರ್‌ನೆಸ್‌ನ ಲೈಫ್‌ಬೋಟ್ ಆ ಅಲೆಯಲ್ಲಿ ಮತ್ತೆ ಮತ್ತೆ ಪಕ್ಕಕ್ಕೆ ಬಂದು ನಾಲ್ಕು ಜನಾನ ಇಳಿಸ್ಕೊಂಡ್ತು, ಜೊತೆಗೆ ಅವರು ಸಾಕಿದ್ದ ಕ್ಯಾನರಿ ಹಕ್ಕೀನೂ. ಹಡಗು ಮುಳುಗಿದ್ಮೇಲೂ ಮಾಸ್ಟ್ ಮಾತ್ರ ನೀರಿನ ಮೇಲೆ ವರ್ಷಗಟ್ಟಲೆ ನಿಂತಿತ್ತು. 1983ರಲ್ಲಿ ರಾಸ್ ರಿವೆಂಜ್ ಅನ್ನೋ ದೊಡ್ಡ ಮೀನುಗಾರಿಕೆ ಹಡಗಲ್ಲಿ ಮತ್ತೆ ಶುರು, 300 ಅಡಿ ಮಾಸ್ಟು. ಆ ಮಾಸ್ಟು 1987ರ ದೊಡ್ಡ ಬಿರುಗಾಳಿ ತಡ್ಕೊಂಡ್ತು, ನವೆಂಬರ್‌ನಲ್ಲಿ ಬಿತ್ತು. 1989ರಲ್ಲಿ ಡಚ್ಚರು ಬ್ರಿಟಿಷರು ಸೇರಿ ಹಡಗು ಹತ್ತಿ ಸಾಮಾನು ಕಿತ್ಕೊಂಡ್ ಹೋದ್ರು. 1991ರಲ್ಲಿ ಗುಡ್‌ವಿನ್ ಸ್ಯಾಂಡ್ಸ್ ಅನ್ನೋ ಮರಳದಿಣ್ಣೆ ಮೇಲೆ ಸಿಕ್ಕಾಕೊಂಡ್ಮೇಲೆ ಸಮುದ್ರದ ಕಥೆ ಮುಗೀತು.

ಕರಿಕೋಟು:

ಸೀನ, ನಾನು ಒಪ್ಪಲ್ಲ. ಬಾಕಿ ನಿಂತಿದ್ದೇ ಆ ಕಾಯ್ದೆಯಿಂದ. ಜಾಹೀರಾತು ಕೊಡೋರನ್ನ ಹೆದರಿಸಿದ್ಮೇಲೆ ಸಾಲ ತೀರಿಸೋದು ಎಲ್ಲಿಂದ?

ಎಸ್‌ಪಿ_ರೋಡ್_ಸೀನ:

ಹಂಗಾದ್ರೆ ಅದೇ ಕಾಯ್ದೆ ಇದ್ದಾಗ್ಲೇ 1972ರಿಂದ, ನಡುವೆ ಮೂರು ವರ್ಷ ಬಿಟ್ಟು, ಸುಮಾರು ಹದಿನೈದು ವರ್ಷ ಹೆಂಗೆ ನಡೀತು ಸಾರ್? ಕೇಳೋರು ಇರೋವರೆಗೆ ಯಾರೋ ಒಬ್ರು ಡೀಸೆಲ್ ತಗೊಂಡ್ ಹೋಗ್ತಿದ್ರು.

ಬೇರೆ ದಾರೀನೂ ಇರುತ್ತೆ. ನಮ್ಮ ಕೋಲಾರ ಜಿಲ್ಲೆ ಬೂದಿಕೋಟೆ ನೋಡಿ. ಊರಿನವ್ರಿಗೆ ರೇಡಿಯೋ ನಡೆಸೋಕೆ ಲೈಸೆನ್ಸ್ ಸಿಗದ ಕಾಲ, 'ನಮ್ಮ ಧ್ವನಿ' ಅಂತ ಕೇಬಲ್ ಮೇಲೇ ಮನೆಮನೆಗೆ ಪ್ರಸಾರ ಕಳಿಸಿದ್ರು, ಹೆಂಗಸರೇ ಕೂತು ಕಾರ್ಯಕ್ರಮ ರೆಕಾರ್ಡ್ ಮಾಡಿದ್ರು. ಗಾಳಿಯಲ್ಲಿ ಹೋಗದೇ ಇದ್ರೆ ಲೈಸೆನ್ಸ್ ಪ್ರಶ್ನೇನೇ ಬರಲ್ಲ. ಸಮುದಾಯಗಳಿಗೆ ರೇಡಿಯೋ ಲೈಸೆನ್ಸ್ ಬಾಗಿಲು ತೆಗೆದಿದ್ದು 2006ರಲ್ಲಿ. ಖಾಸಗಿ ಎಫ್‌ಎಂನವ್ರು ಇವತ್ತಿಗೂ ಸ್ವಂತ ಸುದ್ದಿ ಓದಂಗಿಲ್ಲ, ಅದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ, ಬೇಕಾದ್ರೆ ಬೇರೆ ಥ್ರೆಡ್ ಹಾಕೋಣ.

ಹಳೇ_ಟ್ರಾನ್ಸ್‌ಮಿಟರ್:

ಹಾಕಿ, ನಾನೂ ಬರ್ತೀನಿ. ಕ್ಯಾರೊಲೈನ್ ಬಗ್ಗೆ ಒಂದು ಬಿಟ್ಟೋಯ್ತು ಸೀನ. 2017ರಲ್ಲಿ ಅದಕ್ಕೆ ಅಧಿಕೃತ ಮೀಡಿಯಂ ವೇವ್ ಲೈಸೆನ್ಸ್ ಸಿಕ್ತು, 648 ಕಿಲೋಹರ್ಟ್ಜ್, ಬಿಬಿಸಿ ವರ್ಲ್ಡ್ ಸರ್ವೀಸ್ ಹಿಂದೆ ಬಳಸ್ತಿದ್ದ ಜಾಗ. ಬೆಂಗಳೂರಲ್ಲಿ ಸೆಟ್ಟಿಗೆ ಹಿಡಿಯಲ್ಲ, ಪವರ್ ಕಮ್ಮಿ. ಇಂಟರ್ನೆಟ್ಟಲ್ಲಿ ದಿನಾ ಬರುತ್ತೆ, ಕೇಳಿ.