ಟಾಡ್ಲರ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಯಲಹಂಕದಲ್ಲಿ ನಮ್ಮ ಮನೆ ಹತ್ತಿರದ ಅಂಗನವಾಡಿಗೆ ಒಂದು ಗೋಡೆಪಟ ಬರೆದುಕೊಡುತ್ತಿದ್ದೇನೆ. ಬಸಿರಿನಿಂದ ಮುಪ್ಪಿನವರೆಗೆ ಮನುಷ್ಯ ಬೆಳೆಯುವ ಹಂತಗಳು. ಚಿತ್ರಗಳು ಸಲೀಸಾಗಿ ಆದವು. ಹೆಸರು ಬರೆಯಲು ಕೂತಾಗ ಎರಡು ಕಡೆ ಸಿಕ್ಕಿಹಾಕಿಕೊಂಡೆ.

ಮೊದಲನೆಯದು ಹೊಟ್ಟೆಯೊಳಗೇ. ಗರ್ಭ ಕಟ್ಟಿದ ಮೊದಲ 8 ವಾರ ಡಾಕ್ಟರುಗಳಿಗೆ ಅದು ಎಂಬ್ರಿಯೊ, ಆಮೇಲೆ ಹೆರಿಗೆಯವರೆಗೆ ಫೀಟಸ್. ನಾವು ಎರಡಕ್ಕೂ ಭ್ರೂಣ ಎಂದು ಮುಗಿಸುತ್ತೇವೆ. ಒಂದಕ್ಕೆ 'ಪಿಂಡ' ಅಂತ ಬರೆದೆ. ಆಯುರ್ವೇದದಲ್ಲಿ ಎರಡನೇ ತಿಂಗಳ ವರ್ಣನೆಯಲ್ಲೂ ಬರುವ ಪದ ಅದು. ಟೀಚರ್ ನೋಡಿ ನಕ್ಕರು. "ಬಸುರಿಯರು ಬರೋ ಜಾಗ ಸಾರ್, ತಿಥಿ ಪದ ಹಾಕಿದ್ದೀರಲ್ಲಾ!" ನಿಜ, ನಮ್ಮೂರಲ್ಲಿ ಪಿಂಡ ಅಂದರೆ ಕಾಗೆಗೆ ಇಡುವ ಅನ್ನದುಂಡೆ, ಇಲ್ಲವೇ 'ನಿನ್ ಪಿಂಡ' ಅನ್ನೋ ಬೈಗುಳ. ಅಳಿಸಿ 'ಎಳೆಭ್ರೂಣ', 'ಬಲಿತ ಭ್ರೂಣ' ಎಂದಿದ್ದೇನೆ. 9 ವಾರದ್ದನ್ನು ಬಲಿತದ್ದು ಅನ್ನುವುದು ಜಾಸ್ತಿಯಾಯಿತೇನೋ.

ನಡುವಯಸ್ಸು, ಮುಪ್ಪು ತೊಂದರೆ ಕೊಡಲಿಲ್ಲ. ಹದಿಹರೆಯ ನನಗೆ ಬಹಳ ಇಷ್ಟದ ಪದ. ಹದಿಮೂರರಿಂದ ಹದಿನೆಂಟರವರೆಗೆ ಎಷ್ಟು ಚೆನ್ನಾಗಿ ಕೂರುತ್ತದೆ! ಪಾಪ, ಹತ್ತೊಂಬತ್ತು ಮಾತ್ರ ಹೊರಗೆ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ 10ರಿಂದ 19, ಆದರೂ ಪದ ಬದಲಿಸಲು ಮನಸ್ಸಿಲ್ಲ.

ಈಗ ಮುಖ್ಯ ಪ್ರಶ್ನೆ. ಒಂದರಿಂದ ಮೂರು ವರ್ಷದ ಮಗು, ಅದೇ ಟಾಡ್ಲರ್. ಹಸುಗೂಸು ಅನ್ನುವ ಹಾಗಿಲ್ಲ, ಹುಡುಗ ಅನ್ನಲೂ ಆಗದು. 'ಪುಟಾಣಿ' ಎಂದರೆ ಧಾರವಾಡದ ಕಡೆಯವರಿಗೆ ಹುರಿಗಡಲೆ. ಅಂಬೆಗಾಲಿನ ಮಗು ಇನ್ನೂ ನಡೆದೇ ಇಲ್ಲ. ನಮ್ಮಜ್ಜಿಯನ್ನು ಕೇಳಿದೆ. ಅವರ ಲೆಕ್ಕದಲ್ಲಿ ವಯಸ್ಸೇ ಬರುವುದಿಲ್ಲ. ಬೋರಲು ಬಿತ್ತು, ತೆವಳಿತು, ಹೊಸಿಲು ದಾಟಿತು, ಗೋಡೆ ಹಿಡಿದು ನಿಂತಿತು, ತಪ್ಪು ಹೆಜ್ಜೆ ಹಾಕಿತು. "ಹಾಗಾದರೆ ಆ ಮಗುವಿಗೆ ಏನಂತಾರೆ ಅಜ್ಜಿ?" ಅಂದರೆ, "ಮಗು ಅಂತಾರೆ ಕಣೋ, ಇನ್ನೇನಂತಾರೆ" ಅಂದರು.

ಮಗುವಿನ ತಡವರಿಸುವ ಹೆಜ್ಜೆಗೆ 'ದಟ್ಟಡಿ' ಎಂಬ ಹಳೆಯ ಪದ ಇದೆ ಅಲ್ವಾ? ಹಸು, ಕೂಸು ಸೇರಿ ಹಸುಗೂಸು ಆದ ಹಾಗೆ 'ದಟ್ಟಡಿಗೂಸು' ಎಂದರೆ ಕಿವಿಗೆ ಹಿಡಿಸುತ್ತದೆಯೇ? ಇಲ್ಲಾ, ಅಂಗನವಾಡಿಯ ತಾಯಂದಿರು ಇದಕ್ಕೂ ನಗುತ್ತಾರೆಯೇ? ನಿಮ್ಮಲ್ಲಿ ಯಾರ ಮನೆಯಲ್ಲಾದರೂ ದಟ್ಟಡಿ ಇನ್ನೂ ಆಡುಮಾತಿನಲ್ಲಿದ್ದರೆ ದಯವಿಟ್ಟು ಊರಿನ ಹೆಸರಿನ ಜೊತೆ ತಿಳಿಸಿ. ಪಟದಲ್ಲಿ ಆ ಜಾಗ ಸದ್ಯಕ್ಕೆ ಖಾಲಿ ಇದೆ.