ಮಿಲಿಟರಿಲಿದ್ದ ತಾತನ ಬಗ್ಗೆ ಬರೀಬೇಕು, ಎಲ್ಲಿಂದ ಶುರು ಮಾಡ್ಲಿ?

ಅರಸೀಕೆರೆ ಮೊಮ್ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮ ತಾತ ತೀರ್ಕೊಂಡು ವರ್ಷ ಆಗ್ತಾ ಬಂತು, ಮುಂದಿನ ತಿಂಗಳು ವರ್ಷದ ತಿಥಿ, ಅವತ್ತು ಬಂದೋರಿಗೆ ಕೊಡೋಕೆ ಅವರ ಬಗ್ಗೆ ಒಂದು ಚಿಕ್ಕ ಪುಸ್ತಕ ಮಾಡು ಅಂತ ಮನೆಯವರು ನಂಗೆ ವಹಿಸಿದ್ದಾರೆ. ತಾತ ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ರು, ಬೆಂಗಳೂರು ಹಲಸೂರು ಕೆರೆ ಹತ್ರ ಇರೋ ಆ ಪಡೆಯ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್‌ನಲ್ಲಿ ಟ್ರೈನಿಂಗ್, 71ರ ಯುದ್ಧದಲ್ಲಿದ್ರು, ಹವಾಲ್ದಾರ್ ಆಗಿ ರಿಟೈರ್ ಆದ್ರು, ಇಷ್ಟೇ ಗೊತ್ತಿರೋದು. ಯುದ್ಧದ ಮಾತು ಎತ್ತಿದ್ರೆ ಎದ್ದು ತೋಟಕ್ಕೆ ಹೋಗ್ಬಿಡೋರು. ನಮಗೆ ಗೊತ್ತಿರೋ ತಾತ ಅಂದ್ರೆ ದಿನಾ ಬೆಳಕು ಹರಿಯೋ ಮುಂಚೆ ಹಂಡೆ ಒಲೆಗೆ ಉರಿ ಹಾಕಿ ಅಜ್ಜಿಗೆ ಬಿಸಿನೀರು ಕಾಯಿಸಿಡೋರು, ಸೊಸೆಯಂದ್ರದ್ದು ಊಟ ಆಯ್ತಾ ಅಂತ ಕೇಳದೆ ತಾವು ತಟ್ಟೆ ಮುಂದೆ ಕೂರ್ತಿರ್ಲಿಲ್ಲ. ಟ್ರಂಕಲ್ಲಿ ಮೂರು ಮೆಡಲ್ ಇವೆ, ಯಾವುದು ಯಾಕೆ ಕೊಟ್ಟಿದ್ದು ಅಂತ ಯಾರಿಗೂ ತಿಳೀದು. ಏನು ಬರೀಲಿ?

ಮಾಜಿ ಸೈನಿಕ, ಹಾಸನ:
ತಾಯಿ, ನಿಮ್ಮ ತಾತನಿಗೆ ನನ್ನ ಸೆಲ್ಯೂಟ್. ಮೊದಲು ಟ್ರಂಕಲ್ಲಿ ಡಿಸ್ಚಾರ್ಜ್ ಬುಕ್ ಇದ್ಯಾ ನೋಡಮ್ಮ, ಸೇರಿದ ತಾರೀಖು, ಟ್ರೇಡ್, ಯೂನಿಟ್ ಎಲ್ಲಾ ಅದರಲ್ಲಿರುತ್ತೆ. ಸಿಗ್ಲಿಲ್ಲ ಅಂದ್ರೆ ಸರ್ವಿಸ್ ನಂಬರ್ ಹುಡುಕು, ಪೆನ್ಷನ್ ಪೇಪರಲ್ಲಿ ಇದ್ದೇ ಇರುತ್ತೆ. ಅದನ್ನ ತಗೊಂಡು ಜಿಲ್ಲಾ ಸೈನಿಕ ಕಲ್ಯಾಣ ಆಫೀಸಿಗೆ ಹೋದ್ರೆ ಎಂಇಜಿ ರೆಕಾರ್ಡ್ಸ್‌ಗೆ ಹೇಗೆ ಬರೀಬೇಕು ಅಂತ ಹೇಳ್ತಾರೆ.

71ರಲ್ಲಿ ಪಶ್ಚಿಮದ ಕಡೆ ಇದ್ದೋರಿಗೆ ಪಶ್ಚಿಮಿ ಸ್ಟಾರ್, ಬಾಂಗ್ಲಾ ಕಡೆ ಇದ್ದೋರಿಗೆ ಪೂರ್ವಿ ಸ್ಟಾರ್, ಜೊತೆಗೆ ಸಂಗ್ರಾಮ್ ಮೆಡಲ್. ಇನ್ನೊಂದು 1972ರ ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್ ಇರ್ಬಹುದು. ಪಶ್ಚಿಮಿ ಇದ್ರೂ ಆ ಕಡೆ ನಡೆದ ಬಸಂತರ್ ಯುದ್ಧದಲ್ಲಿ ಇದ್ರು ಅಂತ ಬರ್ದುಬಿಡಬೇಡ, ರೆಕಾರ್ಡ್ ಬರ್ಲಿ. ಅಲ್ಲಿ ಸ್ಯಾಪರ್‌ಗಳು ರಾತ್ರಿ ಮೈನ್ (ನೆಲದಲ್ಲಿ ಹೂತಿಟ್ಟ ಬಾಂಬ್) ತೆಗೆದು ಟ್ಯಾಂಕ್‌ಗಳಿಗೆ ದಾರಿ ಮಾಡಿಕೊಟ್ರು. ನಮ್ಮೋರ ಕೆಲಸ ಯಾವಾಗ್ಲೂ ಹಾಗೇನೇ, ಹಿಂದೆ ಬರೋರು ದಾಟ್ಲಿ ಅಂತ ಮುಂದೆ ಹೋಗಿ ಸೇತುವೆ ಕಟ್ಟೋದು, ಮೈನ್ ತೆಗೆಯೋದು. ಬಿಸಿನೀರಿನ ವಿಷಯ ಓದ್ದಾಗ ನಂಗೆ ಅದೇ ನೆನಪಾಯ್ತು, ಅದನ್ನ ಖಂಡಿತ ಬರಿ.

ಮಡಿಕೇರಿ ಹುಡುಗ:
ನಮ್ಮ ಕಡೆ ಮನೆಮನೆಲೂ ಸೈನಿಕರು, ಆದ್ರೂ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಬಗ್ಗೆ ಜನ ಹೆಚ್ಚು ಹೇಳೋದು ಯುದ್ಧದ ಕಥೆ ಅಲ್ಲ. 1965ರಲ್ಲಿ ಪೈಲಟ್ ಆಗಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆ ಸಿಕ್ರು, ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಇವರ ಕೈಕೆಳಗೆ ಕೆಲಸ ಮಾಡಿದ್ದೋರು, ಆದ್ರೂ ಮಗನಿಗೆ ಅಂತ ಬೇರೆ ಉಪಚಾರ ಬೇಡ ಅಂದ್ರಂತೆ ಇವರು. ಮನುಷ್ಯ ಎಂಥೋರು ಅಂತ ಗೊತ್ತಾಗೋದು ಇಂಥದ್ರಲ್ಲೇ. ನಿಮ್ಮ ತಾತನ ಮನೆ ವಿಷಯಾನೇ ಮುಂದೆ ಇಡಿ, ಮೆಡಲ್ ಆಮೇಲೆ.

ಫೌಜಿ ಮನೆ ಸೊಸೆ:
ಅಜ್ಜಿ ಇದ್ದಾರಲ್ವಾ? ಅವರನ್ನ ಕೂರಿಸ್ಕೊಂಡು ಕೇಳಿ ಅಕ್ಕ, ಇದನ್ನ ಮುಂದೂಡಬೇಡಿ. ನಮ್ಮತ್ತೆ ಹೇಳೋರು, ಕಾಗದದ ಮೇಲೆ 56 ಎಪಿಒ ಅಂತ ಸೈನ್ಯದ ಅಂಚೆ ವಿಳಾಸ ಮಾತ್ರ ಇರೋದು, ಗಂಡ ಯಾವ ಊರಲ್ಲಿದ್ದಾರೆ ಅನ್ನೋದೇ ತಿಳೀತಿರ್ಲಿಲ್ಲ, ಮನಿಆರ್ಡರ್ ಬಂತು ಅಂದ್ರೆ ಜೀವಂತ ಇದ್ದಾರೆ ಅಂತ ಅರ್ಥ ಅಂತೆ. ಆ ವರ್ಷಗಳಲ್ಲಿ ಮಕ್ಕಳನ್ನ, ಹೊಲಾನ ನೋಡ್ಕೊಂಡಿದ್ದು ಯಾರು ಅನ್ನೋದೂ ತಾತನ ಕಥೆಲಿ ಬರ್ಬೇಕು.

ಅರಸೀಕೆರೆ ಮೊಮ್ಮಗಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಮೆಡಲ್ ಪಶ್ಚಿಮಿ ಸ್ಟಾರ್! ನಂಬರ್ ಪೆನ್ಷನ್ ಪೇಪರಲ್ಲಿ ಸಿಕ್ತು, ಸೋಮವಾರ ಅಪ್ಪನ ಜೊತೆ ಹಾಸನಕ್ಕೆ ಹೋಗ್ತೀನಿ. ಅಜ್ಜಿ ಹೇಳೋದನ್ನ ಇವತ್ತಿಂದಲೇ ಫೋನಲ್ಲಿ ರೆಕಾರ್ಡ್ ಮಾಡ್ತಿದ್ದೀನಿ, ಬರ್ದಿದ್ದನ್ನ ಇಲ್ಲೇ ಹಾಕ್ತೀನಿ, ತಪ್ಪಿದ್ರೆ ಹೇಳಿ.