ಪದಚರ್ಚೆ: ‘ಖಿನ್ನತೆ’ಯ ಜಾಗದಲ್ಲಿ ‘ಮಂಕು’ ನಿಂತೀತೇ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ನಿಮ್ಮ ನೆರವು ಬೇಕು. ನಾನೂ ನನ್ನ ಗೆಳತಿಯೂ ಸೇರಿ ಎರಡು ವರ್ಷ ಕೂತು ಒಂದು ಕಾಮಿಕ್ಸ್ ಮಾಡಿದೆವು. ಚಿತ್ರ ಅವಳದು, ಮಾತು ನನ್ನದು. ಕಾಲೇಜಿಗೆ ಹೋಗುವ ಹುಡುಗನೊಬ್ಬ ದಿನದಿಂದ ದಿನಕ್ಕೆ ಒಳಗೊಳಗೇ ಕುಗ್ಗುವ ಕತೆ. ಮೊಬೈಲಿನಲ್ಲಿ ಓದಲೆಂದು ಮಾಡಿದ್ದು. ಈಗ ಅದನ್ನು ನಮ್ಮದೇ ದುಡ್ಡಿನಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸುತ್ತಿದ್ದೇವೆ. ಎ5 ಅಳತೆ, 64 ಪುಟ.

ಮೊಬೈಲಿನಲ್ಲಿ ಹುಡುಗನ ಕಾಯಿಲೆಗೆ ಹೆಸರೇ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಒಂದು ಕಂತಿನಲ್ಲಿ ಅವನು ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿದ್ದಾನೆ. ಅದರ ಕೆಳಗೆ ಬರೀ ಬೂದು ಬಣ್ಣ. ಓದುವವರು ಬೆರಳಿನಿಂದ ಸರಿಸುತ್ತಲೇ ಇರಬೇಕು. ಸರಿಸಿದಷ್ಟೂ ಬೂದು. ಕೊನೆಗೆ ಕಿಟಕಿಯಲ್ಲಿ ಸಂಜೆಯಾಗಿದೆ, ಹುಡುಗ ಅಲ್ಲೇ ಇದ್ದಾನೆ. ಓದಿದವರು ಹೆಚ್ಚಾಗಿ ಬರೆದದ್ದು ಈ ಕಂತಿನ ಬಗ್ಗೆಯೇ.

ಪುಸ್ತಕದಲ್ಲಿ ಅಷ್ಟು ಉದ್ದದ ಬೂದು ಎಲ್ಲಿಂದ ತರುವುದು? ಅಚ್ಚಿನವರು ಒಂದೇ ದೊಡ್ಡ ಹಾಳೆಯಲ್ಲಿ 16 ಪುಟ ಹಾಕುತ್ತಾರೆ, ಅದಕ್ಕೆ ಒಂದು ಫಾರಂ ಎನ್ನುತ್ತಾರೆ. ನಮ್ಮದು ನಾಲ್ಕು ಫಾರಂ. ಒಂದು ಹಾಳೆ ಜಾಸ್ತಿಯಾದರೂ ಲೆಕ್ಕ ತಪ್ಪುತ್ತದೆ. ಎದುರುಬದುರು ಎರಡು ಪುಟ ಕೊಡಬಹುದು, ಅಷ್ಟೇ. ಎರಡು ಪುಟ ತಿರುವುವುದು ಒಂದು ಕ್ಷಣದ ಕೆಲಸ. ಹಾಗಾಗಿ ಆ ಬೂದು ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಮಾತು ಮಾಡಬೇಕು. ಅಮ್ಮ ಬಾಗಿಲಲ್ಲಿ ನಿಂತು ‘ಏನಾಗಿದೆಯೋ ನಿನಗೆ?’ ಎನ್ನುತ್ತಾಳೆ. ಹುಡುಗ ಏನು ಹೇಳಬೇಕು?

ಮೊದಲು ‘ನನಗೆ ಖಿನ್ನತೆ ಅಮ್ಮ’ ಎಂದು ಬರೆದೆ. ಗಟ್ಟಿಯಾಗಿ ಓದಿಕೊಂಡಾಗ ಯಾವ ಮನೆಯ ಮಾತೂ ಅನ್ನಿಸಲಿಲ್ಲ. ಈ ಪದದ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ವರ್ಷಾನುಗಟ್ಟಲೆ ಬರೆದದ್ದರಿಂದಲೇ ನನ್ನಂಥವರಿಗೆ ಇಂಥ ಪದಗಳು ಗೊತ್ತಾದದ್ದು. ಆದರೆ ನಮ್ಮ ಮನೆಯಲ್ಲಿ ‘ಖಿನ್ನತೆ’ ಎಲ್ಲಿ ಕಣ್ಣಿಗೆ ಬೀಳುತ್ತದೆ? ಪೇಪರಿನಲ್ಲಿ. ‘ಖಿನ್ನತೆಯಿಂದ ಬಳಲುತ್ತಿದ್ದರು’ ಎಂಬ ಸಾಲು ಬಂದರೆ, ಹಿಂದೆ ಮುಂದೆ ಒಂದು ಸಾವು ಇದ್ದೇ ಇರುತ್ತದೆ. ಮಗನ ಬಾಯಲ್ಲಿ ಆ ಪದ ಕೇಳಿದ ತಾಯಿಗೆ ಕಾಯಿಲೆಗಿಂತ ಮೊದಲು ಸಾವು ಕಾಣುತ್ತದೆ. ಆ ಹೆದರಿಕೆ ನಮ್ಮ ಕತೆಗೆ ಬೇಡ.

ಹಾಗಿದ್ದರೆ ‘ಡಿಪ್ರೆಶನ್’ ಎಂದೇ ಇಡಬಹುದು, ಅಲ್ವಾ? ಹುಡುಗರು ಹೇಳುವುದೂ ಅದನ್ನೇ. ಆದರೆ ಆ ಪದಕ್ಕೆ ನಾವು ಕೊಟ್ಟಿರುವ ಕ್ರಿಯಾಪದ ನೋಡಿ: ‘ಡಿಪ್ರೆಶನ್‌ಗೆ ಹೋಗಿದ್ದಾನೆ’. ಊರಿಗೆ ಹೋದ ಹಾಗೆ. ತಾನಾಗಿ ಹೋದವನು ಮನಸ್ಸು ಮಾಡಿದರೆ ತಾನಾಗಿ ವಾಪಸ್ ಬರಬಹುದಲ್ಲ ಎಂಬ ದೂರು ಆ ‘ಹೋಗು’ವಿನಲ್ಲೇ ಇದೆ. ಜ್ವರಕ್ಕೆ ಯಾರೂ ಹೋಗುವುದಿಲ್ಲ. ಜ್ವರ ಬರುತ್ತದೆ. ನನಗೆ ಹಸಿವು, ನನಗೆ ನೋವು, ನನಗೆ ಚಳಿ. ನಮ್ಮ ಮೇಲೆ ಬಂದು ಬೀಳುವುದಕ್ಕೆಲ್ಲ ಕನ್ನಡ ‘ನನಗೆ’ ಎನ್ನುತ್ತದೆ, ‘ನಾನು’ ಎನ್ನುವುದಿಲ್ಲ. ನನಗೆ ಬೇಕಾಗಿರುವುದು ಈ ‘ನನಗೆ’ ಸಲೀಸಾಗಿ ಒಗ್ಗುವ ಪದ.

‘ಬೇಜಾರು’ ಒಗ್ಗುತ್ತದೆ. ಆದರೆ ಅದರ ಹೊಟ್ಟೆ ತುಂಬಾ ದೊಡ್ಡದು. ಪಾರಸಿಯಿಂದ ಬಂದ ಈ ಪದಕ್ಕೆ ಅಲ್ಲಿ ಸಾಕಾಗಿಹೋದವನು, ರೋಸಿದವನು ಎಂಬ ಅರ್ಥ. ನಮ್ಮಲ್ಲಿ ಭಾನುವಾರ ಮಧ್ಯಾಹ್ನ ಹೊತ್ತು ಹೋಗದಿದ್ದರೂ ಬೇಜಾರು, ಮನಸ್ಸಿಗೆ ನೋವಾದರೂ ಬೇಜಾರು, ‘ಬೇಜಾರು ಮಾಡ್ಕೋಬೇಡಿ’ ಎಂದರೆ ಕ್ಷಮೆ ಕೇಳಿದ ಹಾಗೂ ಆಯಿತು. ಹುಡುಗ ‘ಬೇಜಾರಮ್ಮ’ ಎಂದರೆ ಅಮ್ಮ ‘ಸುಮ್ನೆ ಎದ್ದು ಸ್ನಾನ ಮಾಡು, ಸರಿಹೋಗುತ್ತೆ’ ಎಂದಾಳು. ಅದು ಅವಳ ತಪ್ಪೂ ಅಲ್ಲ. ‘ವಿಷಾದ’ ಹೊಂದುತ್ತಿತ್ತು, ಗೀತೆಯ ಅರ್ಜುನನಿಗೆ ಆದದ್ದೂ ಅದೇ. ಈಗ ಅದು ಮಂತ್ರಿಗಳು ವ್ಯಕ್ತಪಡಿಸುವ ವಸ್ತುವಾಗಿದೆ, ಬಿಡಿ.

ಕೊನೆಗೆ ನನ್ನ ಅಜ್ಜಿಯ ಮಾತು ನೆನಪಾಯಿತು. ತಾತ ತೀರಿಕೊಂಡ ಮೇಲೆ ಅವರು ತಿಂಗಳುಗಟ್ಟಲೆ ಜಗಲಿಯಲ್ಲಿ ಕೂತಿರುತ್ತಿದ್ದರು. ಆಮೇಲೊಮ್ಮೆ ಆ ದಿನಗಳ ಬಗ್ಗೆ ಕೇಳಿದಾಗ ‘ಏನೋ ಮಂಕು ಕವಿದಿತ್ತು ಕಣೋ’ ಎಂದರು. ಅಷ್ಟೇ ಹೇಳಿದ್ದು. ಕವಿಯುವುದು ಮೋಡ, ಕತ್ತಲು. ನಾವು ಕರೆಯದೆ ಬರುತ್ತವೆ, ಹಾಗೇ ಸರಿಯಲೂಬಹುದು. ದೀಪ ಮಂಕಾಗುತ್ತದೆ, ಆದರೆ ಆರಿಲ್ಲ. ನಾವು ಅಷ್ಟುದ್ದ ಬಳಿದ ಬೂದು ಬಣ್ಣದ ಹೆಸರೇ ಇದು ಅನ್ನಿಸಿತು.

ತೊಡಕೂ ಇದೆ. ‘ಮಂಕ’ ಎಂದರೆ ದಡ್ಡ. ‘ಮಂಕುದಿಣ್ಣೆ’ ಬೈಗುಳ. ಡಿ.ವಿ.ಜಿ. 1943ರಲ್ಲಿ ಕಗ್ಗದ ತಿಮ್ಮನನ್ನು ಮಂಕುತಿಮ್ಮ ಎಂದದ್ದೂ ಆ ಅರ್ಥದ ಬಲದ ಮೇಲೆಯೇ. ‘ಮಂಕುಬೂದಿ ಎರಚಿದ’ ಎಂದರೆ ಮೋಸ ಮಾಡಿದ. ಕ್ರಿಯಾಪದ ಬದಲಾದರೂ ಸಾಕು, ಮರುಕ ಹೋಗಿಬಿಡುತ್ತದೆ: ‘ಮಂಕು ಬಡಿದಿದೆಯಾ ನಿನಗೆ?’ ಎಂದು ಕೇಳುವುದು ಗದರುವಾಗ. ಮನಸ್ಸಿನ ಕಾಯಿಲೆ ಇರುವವರನ್ನು ಮೊದಲೇ ದಡ್ಡರು, ಸೋಮಾರಿಗಳು ಎನ್ನುವ ಜನ ಇದ್ದಾರೆ. ಅವರ ಕೈಗೆ ಇನ್ನೊಂದು ಬೈಗುಳ ಕೊಟ್ಟಂತಾದೀತೇ ಎಂಬುದೇ ನನ್ನ ಅಳುಕು. ‘ಕವಿ’ ಜೊತೆ ಬಂದಾಗ ಮಾತ್ರ ಬಳಸುತ್ತೇವೆ, ಒಂಟಿಯಾಗಿ ಎಲ್ಲೂ ಇಡುವುದಿಲ್ಲ ಎಂದುಕೊಂಡಿದ್ದೇವೆ. ಅಷ್ಟು ಸಾಕೇ?

ಗೆಳತಿಗೆ ಈ ಪದ ಹಿಡಿಸಿದ್ದಕ್ಕೆ ಬೇರೆ ಕಾರಣ. ಮೊಬೈಲಿಗೆ ಬರೆದ ಚಿತ್ರಗಳು 800 ಪಿಕ್ಸೆಲ್ ಅಗಲ. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಅಚ್ಚಿಗೆ ಹಾಕಿದರೆ 7 ಸೆಂಟಿಮೀಟರೂ ಆಗುವುದಿಲ್ಲ. ಪುಟದ ಅಗಲ ಸುಮಾರು 15. ಹಿಗ್ಗಿಸಿದರೆ ಅಕ್ಷರ ಮಸುಕಾಗುತ್ತದೆ. ಹಾಗಾಗಿ ಪಾತ್ರಗಳ ಮಾತಿನ ಗುಳ್ಳೆಯೊಳಗೆ ಇರುವುದನ್ನೆಲ್ಲ ಅವಳು ಮತ್ತೆ ಕೈಯಲ್ಲಿ ಬರೆಯುತ್ತಿದ್ದಾಳೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಸಾಲುಗಳ ನಡುವೆ ಜಾಗ ಬಿಡಲೇಬೇಕು, ಗುಳ್ಳೆ ಉಬ್ಬುತ್ತದೆ. ‘ಮಂಕು’ ಎರಡೇ ಅಕ್ಷರ, ಒತ್ತಿಲ್ಲ. ದೊಡ್ಡ ಬೂದು ಪುಟದಲ್ಲಿ ಪುಟ್ಟ ಗುಳ್ಳೆಯಾಗಿ ಕೂರುತ್ತದೆ.

‘ಖಿನ್ನತೆ’ಯನ್ನು ಪುಸ್ತಕದಿಂದ ಪೂರ್ತಿ ಬಿಡುತ್ತಿಲ್ಲ. ಕೊನೆಯ ಪುಟದಲ್ಲಿ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಹಾಕುತ್ತೇವೆ. ಅಲ್ಲಿ ‘ಮಂಕು ಕವಿದಂತಾಗುವುದನ್ನು ವೈದ್ಯರು ಖಿನ್ನತೆ ಎನ್ನುತ್ತಾರೆ, ಅದಕ್ಕೆ ಚಿಕಿತ್ಸೆ ಇದೆ’ ಎಂದು ಬರೆಯುತ್ತೇವೆ. ಫೋನ್ ಮಾಡುವವರಿಗೆ ಎರಡೂ ಪದ ಗೊತ್ತಿರಲಿ.

ಇನ್ನೊಂದು ಸಣ್ಣ ಪ್ರಶ್ನೆ. ಮುಖಪುಟದಲ್ಲಿ ‘ಚಿತ್ರಕಥೆ’ ಎಂದು ಹಾಕಿದರೆ ಸಿನಿಮಾದ ಚಿತ್ರಕಥೆ ಎಂದುಕೊಳ್ಳುತ್ತಾರೆ. ‘ಕಾಮಿಕ್ಸ್’ ಎಂದರೆ ನಗೆಯ ಪುಸ್ತಕ ಎಂದು ಮಕ್ಕಳಿಗೆ ಕೊಂಡುಹೋದಾರು. ‘ಚಿತ್ರಗಳಲ್ಲಿ ಒಂದು ಕತೆ’ ಎಂದಿಟ್ಟಿದ್ದೇವೆ. ಇದಕ್ಕಿಂತ ಚಿಕ್ಕದು ಇದ್ದರೆ ತಿಳಿಸಿ.

ನಾನು ಹಳೇ ಮೈಸೂರು ಕಡೆಯವನು. ಧಾರವಾಡ, ಕಲಬುರಗಿ, ಕುಂದಾಪುರದ ಕಡೆ ‘ಮಂಕು’ ಹೇಗೆ ಕೇಳಿಸುತ್ತದೆ? ಬರೀ ಬೈಗುಳವೇ? ‘ಮಬ್ಬು’ ಹೆಚ್ಚು ಹತ್ತಿರವೇ? ನಿಮ್ಮ ಮನೆಯ ಹಿರಿಯರು ಇದಕ್ಕೆ ಬೇರೆ ಮಾತು ಆಡುತ್ತಿದ್ದರೆ ಪದವನ್ನಷ್ಟೇ ಕಳಿಸಬೇಡಿ. ಪೂರ್ತಿ ವಾಕ್ಯ ಬರೆಯಿರಿ, ಯಾವ ಸಂದರ್ಭದಲ್ಲಿ ಆಡುತ್ತಿದ್ದರು ಎಂಬುದನ್ನೂ ಬರೆಯಿರಿ. ಆ ಎರಡು ಪುಟಗಳ ಗುಳ್ಳೆಯನ್ನು ಗೆಳತಿ ಇನ್ನೂ ಖಾಲಿ ಬಿಟ್ಟಿದ್ದಾಳೆ.